ಸುಧನ್ವನ ಕೊಪ್ಪರಿಗೆ

ತುರುವೇಕೆರೆ ತಾಲ್ಲೂಕಿನ ಸಂಪಿಗೆಯೇ ಜೈಮಿನಿ ಭಾರತದ ಚಂಪಕಾಪುರಿಯೆಂದು ನಮ್ಮ ಕಡೆಯವರು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಚರಿತ್ರಕಾರರು ಇದನ್ನು ಒಪ್ಪುವರೋ ಇಲ್ಲವೋ, ಶ್ರೀನಿವಾಸ ದೇವರ ಗುಡಿಯ ಬಳಿ ಕುಳಿತು ಹಿರಿಯರ ಬಾಯಿಂದ ಸುಧನ್ವನ ಕಥೆಯನ್ನು ಕೇಳಿ ಬೆಳೆದ ನನಗೆ ಆ ವಿಷಯದಲ್ಲಿ ಸಂದೇಹ ಹುಟ್ಟಲು ಅವಕಾಶವೇ ಇರಲಿಲ್ಲ. ಯುದ್ಧಕ್ಕೆ ತಡವಾಗಿ ಬಂದವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ನೂಕಬೇಕೆಂದು ಹಂಸಧ್ವಜ ರಾಜನು ಡಂಗುರ ಹೊಡೆಸಿದ್ದನು. ತಡವಾಗಿ ಬಂದವನು ಅವನ ಮಗನೇ. ತಂದೆಯ ಮನಸ್ಸು ಹಿಂಜರಿಯಿತು. ಶಂಖ ಲಿಖಿತರೆಂಬ ಪುರೋಹಿತರು ಬಿಡಲಿಲ್ಲ. ಹುಡುಗನನ್ನು ಎಣ್ಣೆಗೆ ಹಾಕಿದರು. ಅವನು ಹರಿಸ್ಮರಣೆ ಮಾಡುತ್ತ ತಣ್ಣಗೆ ನಿಂತಿದ್ದನು. ಎಣ್ಣೆ ಕಾದಿಲ್ಲವೇನೋ ಎಂದು ಪುರೋಹಿತರಿಗೆ ಅನುಮಾನ ಬಂದು, ಪರೀಕ್ಷೆಗಾಗಿ ಒಂದು ತೆಂಗಿನಕಾಯಿಯನ್ನು ಅದರೊಳಕ್ಕೆ ಹಾಕಿಸಿದರು. ಕಾಯಿ ಎರಡು ಹೋಳಾಗಿ ಸಿಡಿದು ಒಂದು ಶಂಖನಿಗೂ ಇನ್ನೊಂದು ಲಿಖಿತನಿಗೂ ಬಡಿಯಿತು. ತೆಂಗಿನ ಸೀಮೆಯ ಮಕ್ಕಳಾದ ನಮಗೆ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ ಆಗಿದ್ದಿತು.

ಈ ವಯಸ್ಸಿನಲ್ಲಿ ಅದೇ ಭಾಗ ಬೇರೆ ರೀತಿಯಿಂದ ನನ್ನನ್ನು ಕಾಡುತ್ತದೆ. ಆ ಪುರೋಹಿತರು ಪರೀಕ್ಷಿಸಿದುದು ಎಣ್ಣೆಯನ್ನು, ತಮ್ಮ ತೀರ್ಪನ್ನಲ್ಲ. ಅದನ್ನೂ ಹುಡುಗನನ್ನು ಹಾಕಿಯಾದ ಮೇಲೆ.

ಕೆಲವು ತಿಂಗಳ ಹಿಂದೆ ತಿಪಟೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಕೊಬ್ಬರಿಯ ಧಾರಣೆಯ ಮಾತು ಮುಗಿದು, ಮಾತು ಅಲ್ಲಿ ಇಲ್ಲಿ ಸುತ್ತಿ, ಮದುವೆಯೇ ಬೇಡವೆನ್ನುವ ಯಾರದೋ ಮಗನ ಕಡೆಗೆ ತಿರುಗಿತು. "ಅಲ್ಲ ಕಣಣ್ಣ, ಈಗ ಗಂಡು ಗಂಡಿನ ಜೊತೆ ಇದ್ದರೂ ತಪ್ಪಿಲ್ಲ ಅಂತ ಕೋರ್ಟೇ ಹೇಳಿಬಿಟ್ಟಿದೆಯಂತೆ. ಎಲ್ಲ ಫಾರಿನ್ನಿಂದ ಬಂದಿದ್ದು," ಎಂದರು ಒಬ್ಬರು. ಇನ್ನೊಬ್ಬರು ಅದೊಂದು ಕಾಯಿಲೆಯೆಂದರು. ಮತ್ತೊಬ್ಬರು, ಇವೆಲ್ಲ ಬೆಂಗಳೂರಿನ ಹಣವಂತರ ಚಟಗಳು, ನಮ್ಮ ಹಳ್ಳಿಗಳಲ್ಲಿಲ್ಲ ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಮಾತನ್ನೂ ಆಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿಗೆ ಅಂದು ಅನ್ನದ ತುತ್ತು ಒಳ್ಳೆಯ ನೆಪವಾಯಿತು. ಅಲ್ಲಿ ಆಡಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಮಾತು. ಕನ್ನಡದಲ್ಲಿ ಈ ಜನರಿಗೆ 'ಸಲಿಂಗಕಾಮಿ'ಗಳೆಂಬ ಮಾತು ರೂಢಿಗೆ ಬಂದಿದೆ. ಗಂಡುಹೆಣ್ಣುಗಳ ನಂಟನ್ನು ಹೇಳುವಾಗ ನಮಗೆ ಒಲವು, ದಾಂಪತ್ಯ, ಸಂಸಾರ ಮೊದಲಾದ ಎಷ್ಟೋ ಮಾತುಗಳು ದೊರೆಯುತ್ತವೆ. ಇವರ ವಿಷಯಕ್ಕೆ ಬಂದೊಡನೆ ಕಾಮವೊಂದೇ ಉಳಿಯುತ್ತದೆ. ನಮ್ಮ ತಂದೆತಾಯಿಗಳನ್ನು ಯಾರಾದರೂ 'ವಿಲಿಂಗಕಾಮಿಗಳು' ಎಂದು ಪರಿಚಯಿಸಿದರೆ ನಮಗೆ ಹೇಗೆನಿಸೀತು? ಅರ್ಧ ಅಪಕಲ್ಪನೆ ಹುಟ್ಟಿರುವುದು ಆ ಪದದ ಬಾಲದಿಂದಲೇ. ನಾನು ಸಲಿಂಗಪ್ರೇಮಿಗಳೆಂದೇ ಬರೆಯುತ್ತೇನೆ.

ಇದು ವಿದೇಶದಿಂದ ಬಂದುದೆಂಬ ಮಾತನ್ನು ನೋಡೋಣ. ವಾತ್ಸ್ಯಾಯನನ ಕಾಮಸೂತ್ರದಲ್ಲಿ ಔಪರಿಷ್ಟಕವೆಂಬ ಒಂದು ಅಧ್ಯಾಯವೇ ಇದೆ. 'ತೃತೀಯಾ ಪ್ರಕೃತಿ' ಎಂಬ ಮಾತು ಅವನಲ್ಲಿಯೇ ಬರುತ್ತದೆ. ಅವನು ಯಾವ ಪರದೇಶಕ್ಕೂ ಹೋಗಿ ಕಲಿತು ಬಂದವನಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಇಂಥ ಸಂಬಂಧಗಳಿಗೆ ದಂಡವನ್ನು ವಿಧಿಸುತ್ತದೆ. ಮನುಸ್ಮೃತಿ ಸ್ನಾನದ ಪ್ರಾಯಶ್ಚಿತ್ತವನ್ನು ಹೇಳುತ್ತದೆ. ಪ್ರಾಚೀನರು ಇದನ್ನು ಮೆಚ್ಚಿ ಹೊಗಳಿದರೆಂದು ನಾನು ಹೇಳುತ್ತಿಲ್ಲ. ಇಂದಿನ ಕೆಲವರು ಹಾಗೆ ಬರೆಯುವುದುಂಟು; ಅದೂ ಅತಿಯೇ. ಆದರೆ ದಂಡ ವಿಧಿಸಬೇಕಾದರೆ ಕಾರ್ಯವು ಮೊದಲೇ ಇರಬೇಕಷ್ಟೆ. ಹನ್ನೊಂದನೆಯ ಶತಮಾನದಲ್ಲಿ ಚಂದ್ರರಾಜನು 'ಮದನತಿಲಕ'ವನ್ನು ಕನ್ನಡದಲ್ಲಿಯೇ ಬರೆದನು; ಕಾಮದ ವಿಷಯವನ್ನು ಶಾಸ್ತ್ರವಾಗಿ ಕಾಣಬಲ್ಲ ಎದೆಗಾರಿಕೆ ನಮ್ಮ ಹಿಂದಿನವರಿಗೆ ಇದ್ದಿತೆಂಬುದಕ್ಕೆ ಅಷ್ಟು ಸಾಕು.

ಹೊರಗಿನಿಂದ ಬಂದುದು ಸಲಿಂಗಪ್ರೇಮವಲ್ಲ, ಅದನ್ನು ಸೆರೆಮನೆಗೆ ಕಳುಹಿಸುವ ಕಾನೂನು. ಇಂಗ್ಲೆಂಡಿನ ಎಂಟನೆಯ ಹೆನ್ರಿ 1533ರಲ್ಲಿ ಮರಣದಂಡನೆಯ ಶಾಸನವೊಂದನ್ನು ಮಾಡಿದನು. ಆ ಮನೋಭಾವವೇ ಹಡಗು ಹತ್ತಿ ಬಂದು, ಮೆಕಾಲೆಯ ಕರಡಿನ ಮೂಲಕ ಸಾಗಿ, 1860ರ ಭಾರತ ದಂಡಸಂಹಿತೆಯಲ್ಲಿ 377ನೆಯ ಕಲಮಾಗಿ ಕುಳಿತಿತು. ಆಜೀವ ಕಾರಾಗೃಹದವರೆಗೂ ಶಿಕ್ಷೆ. ಇಂಗ್ಲೆಂಡು 1967ರಲ್ಲಿ, ವಯಸ್ಕರ ಖಾಸಗಿ ಬಾಳಿನ ಮಟ್ಟಿಗೆ, ತನ್ನ ಕಾನೂನನ್ನು ಸಡಿಲಿಸಿಕೊಂಡಿತು. ನಾವು ಅವರ ಹಳೆಯ ಅಂಗಿಯನ್ನು ನಮ್ಮ ಅಜ್ಜನ ಪಂಚೆಯೆಂದು ತಿಳಿದು ಇನ್ನೂ ಐವತ್ತು ವರ್ಷ ಮಡಿಸಿಟ್ಟುಕೊಂಡೆವು. 2009ರಲ್ಲಿ ದೆಹಲಿಯ ಹೈಕೋರ್ಟು ಅದನ್ನು ತೆಗೆದುಹಾಕಿತು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮರಳಿ ತಂದಿಟ್ಟಿತು. ಆಮೇಲೆ ಬಂದ ತಿರುವಿಗೆ ಕಾರಣರಾದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಎಷ್ಟು ಜನ ಕನ್ನಡಿಗರಿಗೆ ಗೊತ್ತಿದೆಯೋ! ಅವರು ಹೂಡಿದ್ದು ಆಧಾರ್ ಚೀಟಿಯ ವಿಷಯದ ಮೊಕದ್ದಮೆ. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತು, ಒಬ್ಬನ ಒಲವಿನ ದಿಕ್ಕು ಆ ಖಾಸಗಿತನದ ತಿರುಳಿಗೆ ಸೇರಿದುದೆಂದರು. ಅದರ ಬೆನ್ನಿಗೇ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರ ಪೀಠವು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಬಿಡಿಸಿತು. ಇತಿಹಾಸವು ಈ ಜನರ ಕ್ಷಮೆ ಕೇಳಬೇಕೆಂಬ ಅಭಿಪ್ರಾಯವನ್ನು ಆ ಪೀಠದಲ್ಲಿದ್ದ ಮಹಿಳಾ ನ್ಯಾಯಮೂರ್ತಿಯವರು ಬರೆದರು. ಆಧಾರ್ ಚೀಟಿಗೂ ಒಬ್ಬ ಹುಡುಗನ ಒಲವಿಗೂ ಎಲ್ಲಿಯ ಸಂಬಂಧ! ನ್ಯಾಯವು ಬರುವ ದಾರಿ ವಿಚಿತ್ರ.

ಎರಡನೆಯದು ಚಹರೆಯ ವಿಷಯ. ನಡೆಯಲ್ಲಿ ನುಡಿಯಲ್ಲಿ ಸ್ವಲ್ಪ ಮಾರ್ದವವಿರುವ ಹುಡುಗನನ್ನು ನಮ್ಮ ಶಾಲೆಗಳಲ್ಲಿ 'ಹೆಣ್ಣಿಗ'ನೆಂದು ಕರೆದು ಹಿಂಸಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ತಡೆಯಬೇಕಾದಷ್ಟು ತಡೆಯಲಿಲ್ಲ. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಕಟ್ಟಿದ ನಾಟಕ ಕಂಪೆನಿ ನಾಡಿಗೆಲ್ಲ ಹೆಸರಾಯಿತು. ನಟಿಯರು ರಂಗಕ್ಕೆ ಬರುವುದಕ್ಕೆ ಮೊದಲು ಕಂಪೆನಿ ನಾಟಕಗಳಲ್ಲಿ ಗಂಡಸರೇ ಸೀರೆಯುಟ್ಟು ರಾಣಿಯರಾಗುತ್ತಿದ್ದರು. ನಮ್ಮ ಮೂಡಲಪಾಯದಲ್ಲಿಯೂ ಅದೇ ಪದ್ಧತಿ. ಬೆಳಗಿನ ಜಾವದವರೆಗೆ ದ್ರೌಪದಿಯಾಗಿದ್ದವನು ಬಣ್ಣ ತೊಳೆದು ಹೊಲಕ್ಕೆ ಹೋಗಿ ಆರು ಹೊಡೆಯುತ್ತಿದ್ದನು. ಮನೆಯಲ್ಲಿ ಹೆಂಡತಿ ಮಕ್ಕಳು. ವೇಷವೂ ಗತ್ತೂ ಒಂದು, ಒಲವು ಇನ್ನೊಂದು. ಹುರಿಮೀಸೆಯ ಕಟ್ಟಾಳು ಸಲಿಂಗಪ್ರೇಮಿಯಾಗಿರಬಹುದು, ಮೆಲುದನಿಯವನು ಆಗಿಲ್ಲದಿರಬಹುದು.

ಇದಕ್ಕೆ ಸೇರಿದ ಇನ್ನೊಂದು ಗೊಂದಲವೆಂದರೆ, ಸಲಿಂಗಪ್ರೇಮಿಗಳನ್ನೂ ಜೋಗಪ್ಪಗಳನ್ನೂ ಹಿಜಡಾಗಳನ್ನೂ ಒಂದೇ ಚೀಲಕ್ಕೆ ತುಂಬುವುದು. ಗಂಡಾಗಿ ಹುಟ್ಟಿದವರೆಂದು ಲೋಕವೆಂದರೂ ಒಳಗೆ ತಾನು ಹೆಣ್ಣೆಂದು ಅರಿತವರ ವಿಚಾರ ಬೇರೆ. ಗಂಡಾಗಿಯೇ ಇದ್ದು ಗಂಡನ್ನು ಒಲಿಯುವವನ ವಿಚಾರ ಬೇರೆ. ಜೋಗತಿ ನೃತ್ಯದಿಂದ ಹೆಸರಾದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅಂದು ಅವರನ್ನು ಕೊಂಡಾಡಿದ ನಾಲಗೆಗಳೇ ಮನೆಯ ಹುಡುಗನೊಬ್ಬನ ವಿಷಯ ಬಂದಾಗ ಕಹಿಯಾಗುತ್ತವೆ. ಅವರು ದೂರದವರು, ದೇವಿಯ ಕಡೆಯವರು; ಇವನು ನಮ್ಮ ಜಗಲಿಯ ಮೇಲೆ ಕುಳಿತವನು. ಹೆಣ್ಣನ್ನೊಲಿಯುವ ಹೆಂಗಸಿನ ವಿಷಯವನ್ನಂತೂ ನಾವು ನಿಂದೆಗೂ ಎತ್ತಿಕೊಂಡಿಲ್ಲ. ಅಂಥವಳೊಬ್ಬಳಿದ್ದಾಳೆಂಬ ಊಹೆಯೇ ನಮಗಿಲ್ಲ.

ಮಕ್ಕಳಿಗೆ ಇವರಿಂದ ಅಪಾಯವೆಂಬ ಮಾತು ಇವೆಲ್ಲಕ್ಕಿಂತ ಕ್ರೂರವಾದುದು. ಮಕ್ಕಳನ್ನು ಕೆಡಿಸುವವನು ಮಕ್ಕಳ ವೈರಿ. ಅವನ ಗುರುತಿಗೆ ಅವನ ಒಲವಿನ ದಿಕ್ಕು ಒದಗುವುದಿಲ್ಲ. 2007ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಅಧ್ಯಯನವು, ಇಂಥ ಕೃತ್ಯ ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ನಂಬಿಕೆಗೆ ಪಾತ್ರರಾದವರು ಎಂದು ತಿಳಿಸಿತು. ಕಾವಲು ಕಾಯಬೇಕಾದ ಬಾಗಿಲನ್ನು ಬಿಟ್ಟು ಪಕ್ಕದ ಮನೆಯ ಬಾಗಿಲಿಗೆ ದೊಣ್ಣೆ ಹಿಡಿದು ನಿಂತರೆ ಮಕ್ಕಳಿಗೇನು ಬಂತು?

ಎಲ್ಲರೂ ಹೀಗಾದರೆ ವಂಶದ ಗತಿಯೇನೆಂದು ಕೇಳುವವರೂ ಇದ್ದಾರೆ. ಸಾವಿರಾರು ವರ್ಷಗಳಿಂದ ಬ್ರಹ್ಮಚಾರಿಗಳ ಕಾಲಿಗೆ ಬೀಳುತ್ತ ಬಂದ ನಾಡಿದು. ಎಲ್ಲರೂ ಸನ್ಯಾಸಿಗಳಾದರೆ ಗತಿಯೇನೆಂದು ಯಾರೂ ಮಠದ ಬಾಗಿಲಲ್ಲಿ ಕೇಳಿದ್ದನ್ನು ನಾನು ಕಾಣೆ.

ಇನ್ನು ಕಾಯಿಲೆಯೆಂಬ ಮಾತು. ಅಮೆರಿಕದ ಮನೋವೈದ್ಯರ ಸಂಘವು 1973ರಲ್ಲಿಯೇ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಅದಕ್ಕೆ ದಾರಿ ಮಾಡಿದವರಲ್ಲಿ ಎವೆಲಿನ್ ಹೂಕರ್ ಎಂಬ ವಿದುಷಿಯೊಬ್ಬರು. ಆಕೆ ಮೂವತ್ತು ಸಲಿಂಗಪ್ರೇಮಿ ಗಂಡಸರಿಗೂ ಮೂವತ್ತು ಇತರ ಗಂಡಸರಿಗೂ ಮನಸ್ಸಿನ ಪರೀಕ್ಷೆಗಳನ್ನು ಮಾಡಿ, ಹೆಸರು ಮರೆಸಿ, ಉತ್ತರಗಳನ್ನು ತಜ್ಞರ ಮುಂದಿಟ್ಟರು. ಯಾರು ಯಾರೆಂದು ತಜ್ಞರಿಂದ ಬೇರ್ಪಡಿಸಲಾಗಲಿಲ್ಲ. ಇದು 1957ರಲ್ಲಿ ಪ್ರಕಟವಾದುದು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಅದೇ ನಿರ್ಣಯಕ್ಕೆ ಬಂದಿತು. ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಇದು ರೋಗವಲ್ಲವೆಂದು ಸಾರಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು 'ಬದಲಾಯಿಸುವ' ಚಿಕಿತ್ಸೆ ನೀಡುವುದು ವೈದ್ಯವೃತ್ತಿಗೆ ಸಲ್ಲದ ನಡತೆಯೆಂದಿತು. ಕಾರಣವೇನೆಂದು ಕೇಳುವವರಿಗೆ ವಿಜ್ಞಾನ ಇನ್ನೂ ಒಂದೇ ಮಾತಿನ ಉತ್ತರ ಕೊಟ್ಟಿಲ್ಲ. 2019ರಲ್ಲಿ ನಾಲ್ಕು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಆನುವಂಶಿಕ ಧಾತುಗಳನ್ನು ಪರೀಕ್ಷಿಸಿದವರು, ಇದಕ್ಕೆ ಒಂದೇ ಧಾತು ಕಾರಣವಲ್ಲ, ಹಲವು ಸೂಕ್ಷ್ಮ ಸಂಗತಿಗಳು ಕೂಡಿವೆ ಎಂದರು. ತಾಯಿ ಅತಿಯಾಗಿ ಮುದ್ದು ಮಾಡಿದುದರಿಂದ ಹೀಗಾಯಿತೆಂಬ ಮಾತಿಗೆ ಮಾತ್ರ ಆಧಾರವಿಲ್ಲ. ನನ್ನ ಅಕ್ಕ ಆ ಮಾತನ್ನು ಕೊನೆಯವರೆಗೆ ಹೊತ್ತುಕೊಂಡಿದ್ದಳು.

ಅಕ್ಕನ ಹೆಸರು ಬಂದಿತು. ಇನ್ನು ಮುಚ್ಚಿಡುವುದು ತರವಲ್ಲ. ಅವಳ ಮಗನ ಒಪ್ಪಿಗೆಯನ್ನೂ, ಅವನಿಗಿಂತ ಮುಖ್ಯವಾಗಿ ಇನ್ನೊಬ್ಬಾಕೆಯ ಒಪ್ಪಿಗೆಯನ್ನೂ ಪಡೆದು, ಊರು ಗುರುತುಗಳನ್ನು ಮರೆಸಿ ಬರೆಯುತ್ತಿದ್ದೇನೆ.

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ನಾವಿಬ್ಬರೂ ಅಟ್ಟಕ್ಕೆ ಕಾಯಿ ಏರಿಸುತ್ತಿದ್ದೆವು. ನಮ್ಮ ಸೀಮೆಯ ಉಂಡೆಕೊಬ್ಬರಿ ಆಗುವುದು ಅಟ್ಟದ ಕತ್ತಲಲ್ಲಿ; ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷವೇ, ಕಾಯಿ ತನ್ನ ನೀರನ್ನು ತಾನೇ ಕುಡಿದುಕೊಂಡು ಒಣಗಬೇಕು. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಮಾತ್ರ ಒಳಗಿನ ಸುದ್ದಿ. ಅವನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿದ್ದಿತು. ಬಂದ ಸಂಬಂಧಗಳನ್ನೆಲ್ಲ ಬೇಡವೆನ್ನುತ್ತಿದ್ದನು. ಅಂದು ಅಟ್ಟದ ಮೇಲೆ, ನನ್ನ ಮುಖ ನೋಡದೆ, "ಮಾವ, ನನಗೆ ಹೆಣ್ಣಿನ ಮೇಲೆ ಮನಸ್ಸೇ ಹೋಗೋಲ್ಲ. ಎಷ್ಟು ಪ್ರಯತ್ನ ಪಟ್ಟರೂ ಹೋಗೋಲ್ಲ," ಎಂದನು. ಉಳಿದುದನ್ನು ಹೇಳಲು ಅವನ ಬಳಿ ಪದವಿರಲಿಲ್ಲ. ವಸುಧೇಂದ್ರರ 'ಮೋಹನಸ್ವಾಮಿ' ಪ್ರಕಟವಾದುದು 2013ರಲ್ಲಿ. ಕನ್ನಡದ ಹುಡುಗನೊಬ್ಬ ತನ್ನ ಕಥೆಯನ್ನು ಕನ್ನಡದಲ್ಲಿ ಓದಬಹುದಾದ ಕಾಲ ಅದಕ್ಕೆ ಎಷ್ಟೋ ವರ್ಷ ಆಚೆಗಿದ್ದಿತು. ಬೆಂಗಳೂರಿನಲ್ಲಿಯೇ ಹುಟ್ಟಿದ ಗಣಿತಪ್ರವೀಣೆ ಶಕುಂತಲಾದೇವಿಯವರು 1977ರಲ್ಲಿಯೇ ಈ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದು, ಈ ಜನರನ್ನು ಅಪರಾಧಿಗಳೆನ್ನುವುದು ಅನ್ಯಾಯವೆಂದು ವಾದಿಸಿದ್ದರು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೂ, ಲೆಕ್ಕ ಮಾಡುವ ಹೆಂಗಸಿಗೆ ಇದೆಲ್ಲ ಏಕೆ ಎಂದಿರುತ್ತಿದ್ದೆನೇನೋ.

ನಾನು ಅವನಿಗೆ ಹೇಳಿದುದು ಇಷ್ಟು: "ಮದುವೆ ಆದ ಮೇಲೆ ಎಲ್ಲ ಸರಿಹೋಗುತ್ತೆ ಕಣೋ."

ಸೋದರಮಾವನ ಮಾತಿಗೆ ನಮ್ಮಲ್ಲಿ ತೂಕವಿದೆ. ಚಿಕ್ಕನಾಯಕನಹಳ್ಳಿಯ ಕಡೆಯ ಹುಡುಗಿಯನ್ನು ನಾನೇ ನೋಡಿ ಬಂದೆ. ನಾನೇ ಮುಂದೆ ನಿಂತು ಧಾರೆ ನಡೆಸಿದೆ. ಸರಿಹೋಗಲಿಲ್ಲ. ಅವನು ಒಳ್ಳೆಯವನು, ಗದರಿದವನಲ್ಲ, ಕುಡಿದವನಲ್ಲ. ಆದರೆ ಒಳ್ಳೆಯತನವೊಂದೇ ಸಂಸಾರವಾಗುವುದಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಊರು ಆ ಹುಡುಗಿಯನ್ನು ಬಂಜೆಯೆಂದಿತು. ನಮ್ಮವರು ಆಕೆಯನ್ನು ಹರಕೆಗಳಿಗೆ ಕರೆದೊಯ್ದರು; ಉಪವಾಸ ಮಾಡಿಸಿದರು. ಅವನು ಮಾತ್ರ ಗುಟ್ಟಾಗಿ ಯಾವುದೋ ಊರಿನ ವೈದ್ಯನೊಬ್ಬನ ಬಳಿಗೆ ಹೋಗಿ, ಸರಿಪಡಿಸುತ್ತೇನೆಂಬ ಅವನ ಮಾತು ನಂಬಿ, ಮಂಪರು ಬರುವ ಗುಳಿಗೆಗಳನ್ನು ಆರು ತಿಂಗಳು ನುಂಗಿದನು. ಆರನೆಯ ವರ್ಷ ಆಕೆ ತವರಿಗೆ ಹೊರಟುಹೋದಳು.

ರಾಜಿ ಮಾಡಿಸಲೆಂದು ಹೋದವನೂ ನಾನೇ. ಆಕೆ ಕಾಫಿ ತಂದಿಟ್ಟು, ಬಾಗಿಲಿಗೆ ಒರಗಿ ನಿಂತು, ಒಂದೇ ಪ್ರಶ್ನೆ ಕೇಳಿದಳು: "ನಿಮಗೆ ಮೊದಲೇ ಗೊತ್ತಿತ್ತಾ, ಮಾವ?"

ಸುಳ್ಳು ಹೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಹೌದೆಂದೆ.

"ಗೊತ್ತಿದ್ದೂ ಧಾರೆ ಎರೆಸಿದಿರಿ," ಎಂದು ಒಳಗೆ ಹೋದಳು.

ಸಲಿಂಗಪ್ರೇಮದ ವಿಷಯದಲ್ಲಿ ಬರೆಯುವವರು ಸಾಮಾನ್ಯವಾಗಿ ಆ ಗಂಡಸಿನ ಸಂಕಟವನ್ನು ಬರೆಯುತ್ತಾರೆ, ಬರೆಯಬೇಕಾದುದೇ. ಆದರೆ ಮದುವೆಯಿಂದ ಸರಿಹೋಗುತ್ತದೆಂಬ ನಂಬಿಕೆಗೆ ಬೆಲೆ ತೆತ್ತವರಲ್ಲಿ ಮೊದಲು ಎಣಿಸಬೇಕಾದವರು ಇಂಥ ಹೆಣ್ಣುಮಕ್ಕಳು. ಅವರನ್ನು ನಾವು ಔಷಧವೆಂದು ತಂದು ಉಪಯೋಗಿಸಿದೆವು. ನಮ್ಮ ಹಳ್ಳಿಗಳಲ್ಲಿ ಇಂಥವರಿಲ್ಲವೆಂದು ಮದುವೆಯ ಪಂಕ್ತಿಯಲ್ಲಿ ಹೇಳಿದರಲ್ಲ, ಇದ್ದಾರೆ. ಮದುವೆಯಾಗಿದ್ದಾರೆ, ಆದ್ದರಿಂದ ಕಾಣುವುದಿಲ್ಲ. ಆಕೆ ಇಂದು ಹೊಲಿಗೆಯ ಅಂಗಡಿಯಿಟ್ಟು ತನ್ನ ಕಾಲ ಮೇಲೆ ನಿಂತಿದ್ದಾಳೆ. ಈ ಬರಹವನ್ನು ಓದಿ ನೋಡಿ, ಒಂದು ಕಡೆ ನಾನು ಆಕೆಯನ್ನು 'ಪಾಪದ ಹುಡುಗಿ' ಎಂದಿದ್ದುದನ್ನು ಹೊಡೆದುಹಾಕಿಸಿದಳು.

ಅಕ್ಕನ ಮಗ ಈಗ ಹನ್ನೆರಡು ವರ್ಷದಿಂದ ಒಬ್ಬ ಗೆಳೆಯನೊಡನೆ ಮನೆ ಮಾಡಿಕೊಂಡಿದ್ದಾನೆ. ಇಂಥ ನಂಟುಗಳು ನಾಲ್ಕು ದಿನದವೆಂದು ಹೇಳುವವರು ಆ ಮನೆಯ ಅಡಿಗೆಮನೆಯ ಡಬ್ಬಿಗಳ ಸಾಲನ್ನು ನೋಡಬೇಕು. ಅಕ್ಕ ಕಡೆಗಾಲದಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯ ಪಾಳಿ ಕಾದವನು ಆ ಗೆಳೆಯ. ಕಾಗದಕ್ಕೆ ರುಜು ಹಾಕಬೇಕಾದಾಗ 'ನೀವು ರೋಗಿಗೆ ಏನಾಗಬೇಕು?' ಎಂದು ಕೇಳಿದರಂತೆ. ಕಾನೂನಿನಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಇಂಥವರಿಗೆ ಮದುವೆಯ ಹಕ್ಕು ಕೊಡುವುದು ಶಾಸನಸಭೆಗೆ ಬಿಟ್ಟ ವಿಷಯವೆಂದಿತು. ಜಂಟಿಯಾಗಿ ಬ್ಯಾಂಕಿನ ಖಾತೆ ತೆರೆಯಲು, ಒಂದೇ ಪಡಿತರ ಚೀಟಿಯಲ್ಲಿ ಹೆಸರು ಸೇರಿಸಲು ಅಡ್ಡಿಯಿಲ್ಲವೆಂದು 2024ರಲ್ಲಿ ಸರ್ಕಾರ ಹೇಳಿತು. ಅಕ್ಕಿಯ ಮಟ್ಟಿಗೆ ಅವರು ಒಂದು ಮನೆ.

ಈ ಬರಹಕ್ಕೆ ಕುಳಿತುಕೊಳ್ಳುವ ಮೊದಲಿನ ವಾರ ಬೇರೊಂದು ತಾಲ್ಲೂಕಿನಿಂದ ನನ್ನ ಹಳೆಯ ಶಿಷ್ಯನೊಬ್ಬ ಬಂದಿದ್ದನು. ಅವನ ಮಗನೂ ಮದುವೆ ಬೇಡವೆನ್ನುತ್ತಾನೆ; ಕೇಳಿದರೆ ಎದ್ದು ಹೋಗುತ್ತಾನೆ. "ಮೇಷ್ಟ್ರೇ, ನೀವೊಂದು ಮಾತು ಹೇಳಿ ಒಪ್ಪಿಸಬೇಕು. ಹೆಣ್ಣು ಗೊತ್ತು ಮಾಡಿದೀನಿ. ಮೂರು ಗಂಟು ಬಿದ್ದರೆ ಎಲ್ಲ ಸರಿಹೋಗುತ್ತೆ," ಎಂದನು. ನನ್ನ ಮಾತೇ ನನಗೆ ಮರಳಿ ಬಂದಿದ್ದಿತು.

ಒಪ್ಪಿಸುವುದಿಲ್ಲವೆಂದೆ. ಮೊದಲು ಮಗನನ್ನು ಕೂರಿಸಿಕೊಂಡು, ಏನು ಹೇಳಿದರೂ ಎದ್ದು ಹೋಗುವುದಿಲ್ಲವೆಂದು ಮಾತು ಕೊಟ್ಟು, ಕೇಳು ಎಂದೆ.

ಅವನು ಬಹಳ ಹೊತ್ತು ಅಂಗಳದಲ್ಲಿ ರಾಶಿ ಬಿದ್ದಿದ್ದ ಕಾಯಿಯನ್ನೇ ನೋಡುತ್ತಿದ್ದನು. "ಅವನು ನಿಮ್ಮ ಹತ್ತಿರ ಏನಾದರೂ ಹೇಳಿದಾನಾ?" ಎಂದನು.

"ಇಲ್ಲಪ್ಪ. ನಿನ್ನ ಹತ್ತಿರ ಹೇಳಲಿ ಅಂತ."

ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದನು. ಕಾಫಿ ಲೋಟದಲ್ಲಿಯೇ ಆರಿಹೋಗಿದ್ದಿತು. ಲಗ್ನಪತ್ರಿಕೆ ಇದುವರೆಗೆ ಬಂದಿಲ್ಲ.